ಎಚ್ಚರದ ಸೀಟು

ಬಸ್ಸಿನಲ್ಲಿ ನಿದ್ದೆ ಹೋದವರೆಲ್ಲ ಗಾಜಿನ ಮೇಲೆ ಒಂದು ಗುರುತು ಬಿಟ್ಟು ಇಳಿಯುತ್ತಾರೆ. ತಲೆಯೆಣ್ಣೆಯದ್ದೋ ಬೆವರಿನದ್ದೋ, ಅಂಗೈಯಗಲದ ಮಬ್ಬು ಕಲೆ. ಡಿಪೋದಲ್ಲಿ ಬಸ್ಸು ತೊಳೆಯುವ ಹೆಂಗಸರಿಗೆ ಅದು ನೆಲದ ಮೇಲಿನ ಕಸಕ್ಕಿಂತ ದೊಡ್ಡ ಶತ್ರು. ಕಸವಾದರೆ ಒಂದು ಪೊರಕೆಗೆ ಹೋಗುತ್ತದೆ. ಈ ಕಲೆಗೆ ಒದ್ದೆ ಬಟ್ಟೆ ಮುಟ್ಟಿಸಿದರೆ ಇನ್ನಷ್ಟು ಹರಡಿಕೊಳ್ಳುತ್ತದೆ. ಬಾಯಿಂದ ಹಬೆ ಊದಿ, ಒಣ ಬಟ್ಟೆಯಲ್ಲಿ ಸುತ್ತುಸುತ್ತಾಗಿ ಉಜ್ಜಬೇಕು. ಎಚ್ಚರವಾಗಿದ್ದು ಸುಮ್ಮನೆ ಒರಗಿದವರ ಕಲೆ ಚದುರಿರುತ್ತದೆ, ಅವರು ತಲೆ ಎತ್ತುತ್ತ ಇಳಿಸುತ್ತ ಇರುತ್ತಾರಲ್ಲ. ನಿದ್ದೆ ಹೋದವರದ್ದು ಒಂದೇ ಕಡೆ, ಗುಂಡಗೆ, ಕೆಳಗೊಂದು ಜಾರಿದ ಬಾಲ. ಗಾಡಿಗೆ ಗಕ್ಕನೆ ಬ್ರೇಕು ಬಿದ್ದಿದ್ದರೆ ಆ ಬಾಲ ಕೆಳಕ್ಕಲ್ಲ, ಮುಂದಕ್ಕೆ ಎಳೆದಿರುತ್ತದೆ.

"ಇವರಿಗೆಲ್ಲ ಮನೇಲಿ ದಿಂಬಿಲ್ವೇನೇ? ನಮ್ಮ ಗಾಜೇ ಆಗ್ಬೇಕಾ?" ಅಂತ ಜೊತೆಯ ಕೆಲಸದವಳು ದಿನಾ ಬೈಯುತ್ತಿದ್ದಳು. ಸದಾ ಬಕೆಟ್ಟು ಹಿಡಿದೇ ಓಡಾಡುವ ಅವಳನ್ನು ಡಿಪೋ ಪೂರ್ತಿ ಬಕೆಟ್ ಅಕ್ಕ ಅಂತಲೇ ಕರೆಯುವುದು. ಗುಬ್ಬಿಯ ಅಮ್ಮ ನಗುತ್ತಿದ್ದಳು. ಅವಳಿಗೆ ಆ ಕಲೆಗಳ ಮೇಲೆ ಅಷ್ಟು ಕೋಪವಿರಲಿಲ್ಲ. ಪಾಪ, ಯಾರೋ ದಣಿದವರು, ಮನೆ ಬರುವತನಕ ಒಂದು ಗಳಿಗೆ ಕಣ್ಣು ಮುಚ್ಚಿದ್ದಾರೆ. ಡ್ರೈವರನೊಬ್ಬ ಎಚ್ಚರವಾಗಿದ್ದರೆ ಆಯಿತಲ್ಲ. ಬಸ್ಸಿನ ಸುಖ ಅಂದರೆ ಅದೇ: ಉಳಿದವರೆಲ್ಲ ನಿದ್ದೆ ಮಾಡಬಹುದು.

ಗುಬ್ಬಿ ಅಂದರೆ ಮಗಳು. ಮನೆಯಲ್ಲಿಟ್ಟ ಅಡ್ಡಹೆಸರು, ಊರಿಗೂ ಅದೇ ಅಂಟಿಕೊಂಡಿತು. ಹುಟ್ಟಿದಾಗ ಪುಟ್ಟಗಿದ್ದಳು ಅಂತೇನಲ್ಲ. ಬೆಳಕು ಹರಿದರೆ ಚಿಲಿಪಿಲಿ ಶುರು, ದೀಪ ಆರಿಸಿದರೂ ಮುಗಿಯದು. ಅಪ್ಪನಿಲ್ಲದ ಮನೆ, ಎರಡು ಕೋಣೆಯ ಬಾಡಿಗೆ ಗೂಡು, ಅಲ್ಲಿ ಆ ಮಾತೇ ಒಂದು ಆಸ್ತಿ. ಶಾಲೆಗೆ ಹೋದದ್ದು, ಕಾಲೇಜಿಗೆ ಹೋದದ್ದು ಎಲ್ಲ ಅಮ್ಮ ತೊಳೆದ ಬಸ್ಸಿನಲ್ಲೇ, ಡಿಪೋ ನೌಕರರ ಮಕ್ಕಳಿಗೆ ಕೊಡುವ ಪುಕ್ಕಟೆ ಪಾಸಿನಲ್ಲಿ. "ಇದು ನಮ್ಮಮ್ಮನ ಬಸ್ಸು, ಕಾಲು ಒರೆಸ್ಕೊಂಡು ಹತ್ತಿ" ಅಂತ ಗೆಳತಿಯರ ಮುಂದೆ ಜಂಬ ಬೇರೆ. ಆದರೆ ಮಕ್ಕಳಿಗೆ ಇಪ್ಪತ್ತೊಂದು ತುಂಬಿದ ದಿನ ಆ ಪಾಸು ಸಾಯುತ್ತದೆ. ಅವತ್ತಿನಿಂದ ಅವರು ದೊಡ್ಡವರು, ದುಡಿದು ಟಿಕೆಟ್ಟು ಕೊಳ್ಳಬೇಕಾದವರು.

ಗುಬ್ಬಿಗೆ ಕೆಲಸ ಸಿಕ್ಕಿದ್ದೂ ಅದೇ ವರ್ಷ. ಊರಾಚೆ, ಹೆದ್ದಾರಿಯ ಬದಿಗೆ ಹೊಸದಾಗಿ ಎದ್ದ ಪಾರ್ಸೆಲ್ ಗೋದಾಮಿನಲ್ಲಿ ರಾತ್ರಿಪಾಳಿ. ಬೆಲ್ಟಿನ ಮೇಲೆ ಹರಿದು ಬರುವ ಪೆಟ್ಟಿಗೆಗಳನ್ನು ಊರುವಾರು ವಿಂಗಡಿಸಿ ಚೀಲಕ್ಕೆ ಹಾಕುವುದು. ಗೋದಾಮು ಕಟ್ಟಿದವರು ಲಾರಿಗಳಿಗೆ ಸಾಲುಸಾಲು ಬಾಗಿಲು ಇಟ್ಟರು. ಮನುಷ್ಯರು ಹೇಗೆ ಬರುತ್ತಾರೆ ಅಂತ ಯೋಚಿಸಲಿಲ್ಲ. ಬಸ್ಸಿನ ಕೊನೆಯ ನಿಲ್ದಾಣ ನೀರಿನ ಟ್ಯಾಂಕು. ಅಲ್ಲಿಂದ ಮುಂದೆ ಹೆದ್ದಾರಿಯಂಚಿನಲ್ಲೇ ನಡಿಗೆ, ಪಕ್ಕದಲ್ಲಿ ಲಾರಿಗಳು ಮೈಗೆ ಗಾಳಿ ಹೊಡೆಯುತ್ತ ಹೋಗುತ್ತವೆ. ಬೆಳಗ್ಗೆ ಪಾಳಿ ಬಿಟ್ಟ ಮೇಲೆ ಮೊದಲ ಬಸ್ಸು ಬರುವತನಕ ಟ್ಯಾಂಕಿನ ಕಟ್ಟೆಯ ಮೇಲೆ ತೂಕಡಿಕೆ. ಎರಡು ಬಸ್ಸು ಬದಲಿಸಿ, ಎರಡು ಟಿಕೆಟ್ಟು ಹರಿಸಿ ಮನೆ ಸೇರುವಾಗ ಬಿಸಿಲೇರಿ, ಬೀದಿಯವರು ಕೆಲಸಕ್ಕೆ ಹೊರಟಿರುತ್ತಿದ್ದರು.

"ಅಮ್ಮಾ, ನಿಮ್ಮ ಮ್ಯಾನೇಜರಿಗೆ ಹೇಳಿ ಗೋದಾಮಿಗೊಂದು ಬಸ್ಸು ಬಿಡ್ಸೇ."

"ಹೂಂ, ನನ್ನ ಮಾತಿಗೇ ಕಾಯ್ತಾ ಕೂತಿದ್ದಾರೆ. ನಾಳೆ ಪೊರಕೆ ಕೆಳಗಿಟ್ಟು ಅಪ್ಪಣೆ ಕೊಡಿಸ್ತೀನಿ."

ಆಗ ಬಂದವಳು ಸಾರಥಿ. ಅದೂ ಅಡ್ಡಹೆಸರೇ, ಗುಬ್ಬಿ ಇಟ್ಟದ್ದು. ಅದೇ ಬೆಲ್ಟಿನಲ್ಲಿ ಎದುರು ನಿಂತು ಕೆಲಸ ಮಾಡುವವಳು, ಗುಬ್ಬಿಗಿಂತ ಒಂದೆರಡು ವರ್ಷ ದೊಡ್ಡವಳು. ಮೂರು ಕೈ ಬದಲಾಯಿಸಿದ ಒಂದು ಚಿಕ್ಕ ಕಾರನ್ನು ಕಂತಿನಲ್ಲಿ ಕೊಂಡಿದ್ದಳು. ಅದಕ್ಕೆ ಅವಳು ಮಾಡುತ್ತಿದ್ದ ಉಪಚಾರ ನೋಡಬೇಕಿತ್ತು. ಪಾಳಿ ಬಿಟ್ಟು ಹೊರಡುವ ಮುಂಚೆ ಪ್ರತಿ ದಿನ ಹಳೆಯ ಪೇಪರು ತಗೊಂಡು ಗಾಜುಗಳನ್ನು ಒಳಗೂ ಹೊರಗೂ ಒರೆಸದೆ ಕೀಲಿ ತಿರುಗಿಸುತ್ತಿರಲಿಲ್ಲ. ಮೊದಲ ಸಲ ಗುಬ್ಬಿಯನ್ನು ಮನೆಯ ಮುಂದೆ ಇಳಿಸಿದಾಗ ಅಮ್ಮ ಟೀ ಕೊಟ್ಟು ಕಾರನ್ನು ಹೊಗಳಿದಳು.

"ಇದು ಕಾರಲ್ಲ ಆಂಟಿ, ಕಾರಿನ ವೇಷ ಹಾಕಿರೋ ಅತ್ತೆ. ದಿನಾ ಏನಾದ್ರೂ ಒಂದು ಕೇಳುತ್ತೆ. ಟೈರು ಅನ್ನುತ್ತೆ, ಬ್ಯಾಟರಿ ಅನ್ನುತ್ತೆ, ಕೊಡದಿದ್ರೆ ಮುನಿಸ್ಕೊಂಡು ನಡುರೋಡಲ್ಲಿ ನಿಲ್ಲುತ್ತೆ."

"ಮತ್ಯಾಕಮ್ಮ ತಗೊಂಡೆ?"

"ಕೆಲಸಕ್ಕೆ ಹೋಗೋಕೆ ಕಾರು ಬೇಕು. ಕಾರಿನ ಕಂತು ಕಟ್ಟೋಕೆ ಕೆಲಸ ಬೇಕು. ಗಾಣದೆತ್ತಿಗೆ ನಂಬರ್ ಪ್ಲೇಟ್ ಹಾಕಿದ್ರೆ ನಾನೇ ನೋಡಿ." ಸಾರಥಿ ಲೋಟ ತಿರುಗಿಸುತ್ತ ನಕ್ಕಳು. "ವಯಸ್ಸು ಕಮ್ಮಿ ಅಂತ ವಿಮೆಯವರು ಜಾಸ್ತಿ ಕೇಳ್ತಾರೆ. ವಯಸ್ಸು ಕಮ್ಮಿ ಅಂತ ಗೋದಾಮಿನವರು ಸಂಬಳ ಕಮ್ಮಿ ಕೊಡ್ತಾರೆ. ನನ್ನ ವಯಸ್ಸು ಎಲ್ಲರಿಗೂ ಉಪಯೋಗಕ್ಕೆ ಬರುತ್ತೆ, ನನಗೊಬ್ಬಳಿಗೆ ಬಿಟ್ಟು."

ಒಬ್ಬಳೇ ಆ ಆನೆಯನ್ನು ಸಾಕಲಾಗದೆ ಸಾರಥಿ ಮೂವರನ್ನು ಸೇರಿಸಿಕೊಂಡಳು: ಗುಬ್ಬಿ, ಹಿಂದಿನ ಸೀಟಿಗೆ ಇಬ್ಬರು ಹುಡುಗರು. ಹುಡುಗರಲ್ಲಿ ಒಬ್ಬನ ಹೆಸರು ಗೊರಕೆ, ಇನ್ನೊಬ್ಬ ಮೌನಿ. ಹೆಸರಿಗೆ ತಕ್ಕ ಹಾಗೆ ಇದ್ದರು. ಪೆಟ್ರೋಲಿಗೆ ಎಲ್ಲರೂ ಪಾಲು ಹಾಕಬೇಕು. ಬಸ್ಸಿನ ಟಿಕೆಟ್ಟಿಗಿಂತ ಅದು ಭಾರವೇ, ಆದರೆ ಬೆಳಕು ಹರಿಯುವಷ್ಟರಲ್ಲಿ ಹಾಸಿಗೆ ಸಿಗುತ್ತಿತ್ತು.

ಒಂದು ಬೆಳಗ್ಗೆ ಸಾರಥಿಯ ಕಣ್ಣು ಹತ್ತಿ, ಕಾರಿನ ಎರಡು ಚಕ್ರ ರಸ್ತೆ ಬಿಟ್ಟು ಮಣ್ಣಿಗಿಳಿಯಿತು. ರಾತ್ರಿಯಿಡೀ ನಿಂತ ಕಾಲು, ಎದುರಿಗೆ ನೆಟ್ಟಗೆ ಮಲಗಿದ ಹೆದ್ದಾರಿ. ಕಣ್ಣು ತಾನೇ ಏನು ಮಾಡೀತು? ಅವತ್ತೇನೂ ಆಗಲಿಲ್ಲ. ಆದರೆ ನಾಲ್ವರೂ ಇಳಿದು ನಿಂತು, ರಸ್ತೆಬದಿಯಲ್ಲೇ ಒಂದು ಕಟ್ಟಳೆ ಮಾಡಿಕೊಂಡರು. ಚಾಲಕಿಯ ಪಕ್ಕದಲ್ಲಿ ಕೂತವರು ಮನೆ ಮುಟ್ಟುವತನಕ ಕಣ್ಣು ಮುಚ್ಚಕೂಡದು, ಬಾಯಿಯನ್ನೂ ಮುಚ್ಚಕೂಡದು. ಕಥೆಯೋ ಚಾಡಿಯೋ ಜಗಳವೋ, ಏನಾದರೂ ಮಾತಾಡುತ್ತಲೇ ಇರಬೇಕು. ಸಾರಥಿ ಹೂಂ ಅನ್ನುತ್ತಿರಬೇಕು. ಹೂಂ ನಿಂತರೆ ತೋಳು ಚಿವುಟಬೇಕು. ಅದಕ್ಕೆ ಎಚ್ಚರದ ಸೀಟು ಅಂತ ಹೆಸರಿಟ್ಟರು. ಆ ಸೀಟಿನಲ್ಲಿ ಕೂತವರಿಗೆ ಆ ವಾರ ಪೆಟ್ರೋಲಿನ ಪಾಲಿಲ್ಲ.

ವಾರಕ್ಕೊಬ್ಬರು ಅಂತ ಶುರುವಾಯಿತು. ಮೌನಿಯ ವಾರ ಬಂದಾಗ ಅವನು ರಸ್ತೆಬದಿಯ ಬೋರ್ಡುಗಳನ್ನು ಓದಿ ಹೇಳಿದ. ಗೊರಕೆಯ ವಾರ ಸಾರಥಿಯೇ ಅವನನ್ನು ಎಬ್ಬಿಸಬೇಕಾಯಿತು. ಇದನ್ನೆಲ್ಲ ಗುಬ್ಬಿ ಅಭಿನಯಿಸಿ ತೋರಿಸುವಾಗ ಅಮ್ಮ ಬಿದ್ದುಬಿದ್ದು ನಗುತ್ತಿದ್ದಳು. ನಗುತ್ತಲೇ ಅಂದಳು:

"ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅಂತಾರೆ. ನಿನ್ನ ಬಾಯಿಗೇನು ಬರ? ಆ ಸೀಟು ನೀನೇ ಇಟ್ಕೊಳ್ಳೇ. ಆ ದುಡ್ಡಲ್ಲಿ ನಿನ್ನ ಕೋರ್ಸಿನ ಫೀಸು ಆಗುತ್ತೆ."

ಗುಬ್ಬಿಗೆ ಲೆಕ್ಕಪತ್ರದ ಕೋರ್ಸು ಮಾಡುವ ಆಸೆ. ಅದಾದರೆ ಹಗಲಿನ ಕೆಲಸ, ಕುರ್ಚಿಯ ಕೆಲಸ, ಮನೆಯಿಂದ ಒಂದೇ ಬಸ್ಸಿನ ಕೆಲಸ. ತರಗತಿ ಮಧ್ಯಾಹ್ನ. ಹುಡುಗರು ತಮ್ಮ ಸರದಿಯನ್ನು ಖುಷಿಯಿಂದ ಬಿಟ್ಟುಕೊಟ್ಟರು. ಹೀಗೆ ಗುಬ್ಬಿ ವಾರ ಬಿಡದೆ ಎಚ್ಚರದ ಸೀಟಿನಲ್ಲಿ ಕೂತಳು. ಬೆಳಗ್ಗೆ ಬಂದು ಎರಡು ಗಂಟೆ ಮಲಗಿದರೆ ಹೆಚ್ಚು. ಎದ್ದು ತರಗತಿಗೆ, ಬಂದು ಇನ್ನಿಷ್ಟು ಹೊತ್ತು, ಮತ್ತೆ ಗೋದಾಮಿಗೆ. ನಿದ್ದೆ ಮಾರಿ ಓದು ಕೊಳ್ಳುತ್ತಿದ್ದಳು. ಒಂದು ಸಂಜೆ ಚಮಚ ಕೈಯಲ್ಲಿ ಹಿಡಿದಂತೆಯೇ ತಟ್ಟೆಯ ಮುಂದೆ ನಿದ್ದೆ ಹೋಗಿದ್ದಳು. ಅಮ್ಮ ಚಮಚ ಬಿಡಿಸಿ, ಹೊದಿಕೆ ಹೊದಿಸಿ, ಈ ವಯಸ್ಸಿಗೆ ತಡೆಯುತ್ತೆ ಅಂದುಕೊಂಡಳು. ಮಗಳು ಬುದ್ಧಿವಂತೆ ಅಂತ ಬಕೆಟ್ ಅಕ್ಕನ ಮುಂದೆ ಹೇಳಿಕೊಂಡಳು ಕೂಡ.

ಫೋನು ಬಂದಾಗ ಅಮ್ಮ ಬಸ್ಸಿನೊಳಗೆ ಸೀಟಿನ ಕೆಳಗೆ ಬಾಗಿದ್ದಳು. ಗೊರಕೆಯ ದನಿ. "ಆಂಟಿ, ಗುಬ್ಬಿ ಚೆನ್ನಾಗಿದ್ದಾಳೆ." ಚೆನ್ನಾಗಿರುವವರ ಬಗ್ಗೆ ಬೆಳ್ಳಂಬೆಳಗ್ಗೆ ಯಾರು ಫೋನು ಮಾಡುತ್ತಾರೆ?

ಕಾರು ಓರೆಯಾಗಿ ಹೋಗಿ, ಹೆದ್ದಾರಿಯ ಬದಿಗೆ ನಿಂತಿದ್ದ ಲಾರಿಯ ಹಿಂಬದಿಗೆ ಗುದ್ದಿತ್ತು. ಪೆಟ್ಟೆಲ್ಲ ಚಾಲಕಿಯ ಬದಿಗೆ. ಹುಡುಗರಿಗೆ ತರಚು ಗಾಯ, ಮೌನಿಯ ಎರಡು ಹಲ್ಲು. ಗುಬ್ಬಿಯ ಹೆಗಲಿನ ಮೂಳೆ ಮುರಿದು ಕೈ ಕೊರಳಿಗೆ ಜೋತುಬಿದ್ದಿತ್ತು. ಸಾರಥಿಯನ್ನು ಒಳಗೆ ತೆಗೆದುಕೊಂಡು ಹೋಗಿ ಬಹಳ ಹೊತ್ತಾಗಿತ್ತು. ಅವಳಿಗೆ ಸೊಂಟದಿಂದ ಕೆಳಗೆ ಸ್ಪರ್ಶವಿಲ್ಲ, ಬರುವ ಭರವಸೆಯೂ ಇಲ್ಲ ಅನ್ನುವುದು ಎರಡು ದಿನದ ಮೇಲೆ ತಿಳಿಯಿತು.

ಪೊಲೀಸಿನವನು ಗುಬ್ಬಿಯ ಮಂಚದ ಪಕ್ಕ ನಿಂತು ಕೇಳಿದ. ಹಿಂದಿನ ಸೀಟಿನವರು ನಿದ್ದೆಯಲ್ಲಿದ್ದರು, ಅವರಿಗೆ ಏನೂ ಗೊತ್ತಿಲ್ಲ. ಸಾರಥಿಗೆ ಅವತ್ತಿನ ಬೆಳಗಿನದ್ದೇನೂ ನೆನಪಿಲ್ಲ. ಉಳಿದವಳು ಗುಬ್ಬಿ.

"ನಾನು ಮಾತಾಡ್ತಾನೇ ಇದ್ದೆ," ಅಂದಳು ಗುಬ್ಬಿ. "ಅವಳು ಹೂಂ ಅಂತಾನೇ ಇದ್ದಳು. ಇದ್ದಕ್ಕಿದ್ದ ಹಾಗೆ ಹೋಯ್ತು."

ಮೂರೇ ಮಾತು. ಒಂದು ಗುಂಡುಸೂಜಿ ಕಳೆದರೂ ಮೂರು ಗಂಟೆ ಹೇಳುವ ಹುಡುಗಿ. ಆಘಾತ, ಅಂದುಕೊಂಡಳು ಅಮ್ಮ.

ಗುಬ್ಬಿಯನ್ನು ಮನೆಗೆ ಕರೆತಂದ ವಾರದಲ್ಲೇ ಸಾರಥಿಯ ತಾಯಿ ಬಾಗಿಲಲ್ಲಿ ನಿಂತಿದ್ದಳು. ಶಾಲೆಯೊಂದರಲ್ಲಿ ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವ ಆಯಾ. ಯಾವಾಗಲೂ ಯಾರದ್ದೋ ಮೂಗು ಒರೆಸಲು ಸಿದ್ಧವಾಗಿರುವಂಥ ಮುಖ. ಕೈಯಲ್ಲಿ ಊಟದ ಡಬ್ಬಿ. ಒಳಗೆ ಬಂದವಳು ಗುಬ್ಬಿಯ ಕಾಲ ಬಳಿ ನೆಲದ ಮೇಲೇ ಕೂತಳು.

"ನನ್ನ ಮಗಳಿಂದ ನಿಂಗೆ ಹೀಗಾಯ್ತಲ್ಲ ಕಂದಾ. ಎಷ್ಟು ಸಲ ಬಡ್ಕೊಂಡಿದ್ದೆ, ನಿದ್ದೆ ಬಂದ್ರೆ ಬದಿಗೆ ನಿಲ್ಲಿಸೇ ಅಂತ. ನಿನ್ನ ಜೀವಕ್ಕೇನಾದ್ರೂ ಆಗಿದ್ರೆ ನಾನು ನಿಮ್ಮಮ್ಮಂಗೆ ಯಾವ ಮುಖ ತೋರಿಸ್ಬೇಕಿತ್ತು?"

ಗುಬ್ಬಿ ಕಾಲು ಹಿಂದಕ್ಕೆಳೆದುಕೊಂಡಳು. ಡಬ್ಬಿಯ ಊಟವನ್ನು ಅವತ್ತು ಅವಳು ಮುಟ್ಟಲಿಲ್ಲ.

ಹೋಗುವಾಗ ಆ ಹೆಂಗಸು ಅಮ್ಮನನ್ನು ಒಂದು ಉಪಕಾರ ಕೇಳಿದಳು. ಕಾರು ಪೊಲೀಸರ ಅಂಗಳದಲ್ಲಿದೆಯಂತೆ, ಒಳಗಿರುವ ಸಾಮಾನು ತೆಗೆದುಕೊಂಡು ಹೋಗಿ ಅಂದಿದ್ದಾರಂತೆ. "ಒಬ್ಬಳೇ ಹೋಗೋಕೆ ಧೈರ್ಯ ಬರ್ತಿಲ್ಲ ಅಕ್ಕಾ. ನೀವು ಜೊತೆಗೆ ಬರ್ತೀರಾ?"

ಮರುದಿನ ಇಬ್ಬರೂ ಬಸ್ಸಿನಲ್ಲೇ ಹೋದರು. ಅಂಗಳದ ತುಂಬ ನುಜ್ಜುಗುಜ್ಜಾದ ಗಾಡಿಗಳು, ನಡುವೆ ಹುಲ್ಲು ಬೆಳೆದಿತ್ತು. ಕಾರಿನ ಚಾಲಕಿಯ ಬದಿ ಹಿಂಡಿದ ಡಬ್ಬದಂತಾಗಿತ್ತು; ಪಕ್ಕದ ಬದಿ ಏನೂ ಆಗದ ಹಾಗೆ ಇತ್ತು. ಬಾಗಿಲೂ ಸಲೀಸಾಗಿ ತೆರೆಯಿತು, ಗಾಜಿಗೆ ಗೀರೂ ಇರಲಿಲ್ಲ. ಸಾರಥಿಯ ತಾಯಿ ಹಿಂದಿನ ಸೀಟಿನಲ್ಲಿ ಬಗ್ಗಿ ಮಗಳ ಜಾಕೀಟು, ಕೊಡೆ, ನೀರಿನ ಬಾಟಲಿ ಹೆಕ್ಕುತ್ತಿದ್ದಳು. ಅಮ್ಮ ಎಚ್ಚರದ ಸೀಟಿನಲ್ಲಿ ಒಂದು ಮೊಣಕಾಲೂರಿ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಏನಿದೆ ಅಂತ ನೋಡಿದಳು. ಏಳುವಾಗ ಇಳಿಬಿಸಿಲು ಗಾಜಿಗೆ ಬಿತ್ತು.

ಒಳಬದಿಗೆ, ಕೂತವರ ಕಿವಿಯ ಎತ್ತರಕ್ಕಿಂತ ತುಸು ಕೆಳಗೆ, ಅಂಗೈಯಗಲದ ಕಲೆ. ಒಂದೇ ಕಡೆ, ಗುಂಡಗೆ. ಅಲ್ಲಿಂದ ಮುಂದಕ್ಕೆ ಎಳೆದ ಉದ್ದನೆಯ ಬಾಲ.

ಅಮ್ಮ ನೋಡಿದಳು. ಬೇರೆ ಯಾವತ್ತಿನದೋ ಇರಬಹುದು ಅನ್ನಲು ದಾರಿಯಿರಲಿಲ್ಲ. ಸಾರಥಿ ಗಾಜು ಒರೆಸದೆ ಹೊರಡುವವಳಲ್ಲ. ಗುದ್ದಿದಾಗ ತಲೆ ಹೊಡೆದ ಗುರುತು ಅನ್ನೋಣವೆಂದರೆ, ಹೊಡೆತದ ಗುರುತು ಹೀಗಿರುವುದಿಲ್ಲ. ಇದು ಬಹಳ ಹೊತ್ತು ಅಲ್ಲಾಡದೆ ಒರಗಿದ ತಲೆ. ಕಾರು ಲಾರಿಗೆ ಬಡಿಯುವ ಆ ಕ್ಷಣದಲ್ಲೂ ಅದು ಅಲ್ಲೇ ಇತ್ತು, ಆಮೇಲಷ್ಟೇ ಮುಂದಕ್ಕೆ ಹೋಯಿತು. ದಿನಕ್ಕೆ ಹತ್ತಾರು ಸಲ ನೋಡುವ ಕಲೆ. ಇದು ಯಾರ ತಲೆ ಅಂತ ಗೊತ್ತಿದ್ದದ್ದು ಮಾತ್ರ ಇದೇ ಮೊದಲು.

ಚೀಲದಲ್ಲಿ ಒರೆಸುವ ಬಟ್ಟೆ ಯಾವಾಗಲೂ ಇರುತ್ತಿತ್ತು. ಅಮ್ಮ ಗಾಜಿಗೆ ಹಬೆ ಊದಿದಳು, ಸುತ್ತುಸುತ್ತಾಗಿ ಉಜ್ಜಿದಳು. ಕಲೆ ಹೋಯಿತು.

ಹಿಂದಿನಿಂದ ಸಾರಥಿಯ ತಾಯಿಯ ದನಿ. "ಬಿಡಿ ಅಕ್ಕಾ, ಇನ್ಯಾರು ಕೂತ್ಕೋಬೇಕು ಇದ್ರಲ್ಲಿ. ನಿಮ್ಮ ಕೈಗೆ ಕೆಲಸ ಹೇಗೆ ಅಂಟ್ಕೊಂಡಿದೆ ನೋಡಿ." ಆ ಹೆಂಗಸು ಅತ್ತ ಕಣ್ಣಲ್ಲೇ ಸಣ್ಣಗೆ ನಕ್ಕಳು. ಅಮ್ಮನೂ ನಕ್ಕಳು. ತಾನು ನಕ್ಕೆ ಅನ್ನುವುದು ಅವಳಿಗೆ ನೆನಪಾದದ್ದು ಬಸ್ಸು ಹತ್ತಿದ ಮೇಲೆ.

ಇಬ್ಬರೂ ನಿದ್ದೆ ಹೋಗಿದ್ದರು. ಯಾರು ಮೊದಲು, ಯಾರು ಆಮೇಲೆ, ದೇವರಿಗೇ ಗೊತ್ತು. ಆದರೆ ಒಬ್ಬಳು ಕಾಲು ಕಳೆದುಕೊಂಡು ತಪ್ಪನ್ನೆಲ್ಲ ತನ್ನ ಮೇಲೆ ಎಳೆದುಕೊಂಡು ಮಲಗಿದ್ದಾಳೆ, ಇನ್ನೊಬ್ಬಳು ಅವಳ ತಾಯಿಯ ಕೈಯಡುಗೆಯ ಮುಂದೆ ಕೂತಿದ್ದಾಳೆ. ಗುಬ್ಬಿ ಹೇಳಿಬಿಟ್ಟರೆ ಎಲ್ಲರ ಬಾಯಿಗೆ ಬೀಳುತ್ತಾಳೆ. ಹೇಳದೆ ಇದ್ದರೆ? ಬಾಯಲ್ಲಿಟ್ಟುಕೊಂಡ ಕೆಂಡ ಉಗುಳಿದರೆ ಊರು ನೋಡುತ್ತದೆ, ನುಂಗಿದರೆ ಕರುಳು ಸುಡುತ್ತದೆ. ಸುಡುತ್ತಿರುವುದು ಕಾಣುತ್ತಲೇ ಇತ್ತು. ಕೂತಲ್ಲಿ ನಿದ್ದೆ ಹೋಗುತ್ತಿದ್ದ ಹುಡುಗಿಗೆ ಈಗ ನಿದ್ದೆಯೇ ಇಲ್ಲ. ಅಮ್ಮ ಯಾವಾಗ ಮಗ್ಗುಲು ಬದಲಿಸಿದರೂ ಪಕ್ಕದಲ್ಲಿ ತೆರೆದ ಎರಡು ಕಣ್ಣು. ತರಗತಿಗೆ ಹೋಗುವುದು ನಿಂತಿತು. ಕೈ ಸಣ್ಣಗಾಗಿ, ಬಳೆ ಮೊಣಕೈವರೆಗೆ ಜಾರುತ್ತಿತ್ತು. ಅಮ್ಮನಿಗೆ ಬೇಕಾಗಿದ್ದದ್ದು ಒಂದೇ, ಮಗಳು ಬಾಯಿಬಿಟ್ಟು ಅದನ್ನು ಹೊರಗೆ ಹಾಕಬೇಕು. ಪೊಲೀಸಿನ ಮುಂದೆ ಬೇಡ, ಊರ ಮುಂದೆ ಬೇಡ. ಸಾರಥಿಯ ಮುಂದೆ ಒಂದು ಸಲ. ಕೊನೇಪಕ್ಷ ತನ್ನ ಮುಂದೆ.

ಗುಬ್ಬಿ ದಿನಾ ಮಧ್ಯಾಹ್ನ ಆಸ್ಪತ್ರೆಗೆ ಹೋಗುತ್ತಿದ್ದಳು. ನಡೆದೇ ಹೋಗುತ್ತಿದ್ದಳು, ಬಸ್ಸು ಹತ್ತುತ್ತಿರಲಿಲ್ಲ. ರಜೆಯ ದಿನ ಅಮ್ಮನೂ ಜೊತೆಗೆ ಹೋದಳು. ಉದ್ದನೆಯ ಕೋಣೆಯಲ್ಲಿ ಮಂಚಗಳ ಸಾಲು, ನಡುವೆ ತಿಳಿಹಸಿರು ಪರದೆಗಳು. ಸಾರಥಿಯ ಕೂದಲು ಕತ್ತರಿಸಿದ್ದರು, ಹುಡುಗನ ಹಾಗೆ ಕಾಣುತ್ತಿದ್ದಳು.

"ಬಾರೇ ಗುಬ್ಬಿ, ಪಕ್ಕದ ಸೀಟಲ್ಲಿ ಕೂತ್ಕೊ," ಅಂತ ಮಂಚದ ಬದಿಯ ಕುರ್ಚಿ ತೋರಿಸಿದಳು. ಆಮೇಲೆ ಅಮ್ಮನ ಕಡೆ ತಿರುಗಿ, "ಆಂಟಿ, ಅತ್ತೆ ತೀರಿಕೊಂಡಳು. ಆದ್ರೆ ಕಂತು ಇನ್ನೂ ಕೇಳ್ತಾನೇ ಇದ್ದಾಳೆ ನೋಡಿ" ಅಂದಳು.

ಯಾರಿಗೂ ನಗು ಬರಲಿಲ್ಲ.

"ಅವತ್ತು ಕೊನೇಗೆ ಏನು ಹೇಳ್ತಿದ್ಯೇ?" ಸಾರಥಿ ಕೇಳಿದಳು. "ಇನ್ನೊಂದ್ಸಲ ಹೇಳು. ನನಗೆ ಏನೇನೂ ನೆನಪಿಲ್ಲ. ಕಾಲು ಇದ್ದಾಗ ಕೊನೇಗೆ ಕೇಳಿದ ಮಾತು ಏನು ಅಂತಾದ್ರೂ ಗೊತ್ತಿರ್ಲಿ."

ಗುಬ್ಬಿ ಹೇಳಿದಳು. ಮೇಲ್ವಿಚಾರಕನ ಕೃತಕ ಕೂದಲಿನ ಟೋಪಿ ಬೆಲ್ಟಿಗೆ ಸಿಕ್ಕಿ ಪಾರ್ಸೆಲ್ಲಿನ ಜೊತೆ ಹರಿದು ಹೋದದ್ದು, ಅದಕ್ಕೆ ಯಾರೋ ವಿಳಾಸದ ಚೀಟಿ ಅಂಟಿಸಿದ್ದು. ಪಟ್ಟಿಯಿಲ್ಲದ ಕೈ ಆಡಿಸಿ, ದನಿ ಬದಲಿಸಿ, ಹಳೆಯ ಗುಬ್ಬಿಯ ಹಾಗೇ ಹೇಳಿದಳು. ಪಕ್ಕದ ಮಂಚದವರೂ ನಕ್ಕರು. ಸಾರಥಿ ಮಾತ್ರ ಹೂಂ, ಹೂಂ ಅನ್ನುತ್ತ ಅವಳ ಮುಖವನ್ನೇ ನೋಡುತ್ತಿದ್ದಳು.

ಮುಂದಿನ ರಜೆಯ ದಿನವೂ ಅದೇ ಪ್ರಶ್ನೆ. ಆ ಸಲ ಗುಬ್ಬಿ ಹೇಳಿದ್ದು ಮನೆಯೊಡತಿಯ ಬೆಕ್ಕು ಬೀರುವಿನಲ್ಲಿ ಮರಿ ಹಾಕಿದ ಕಥೆ. ಪಕ್ಕದಲ್ಲಿ ನಿಂತಿದ್ದ ಅಮ್ಮ ನೆಲ ನೋಡಿದಳು. ಇಲ್ಲದ ಮಾತನ್ನು ದಿನಕ್ಕೊಂದರಂತೆ ಹುಟ್ಟಿಸಬೇಕಾಗಿದೆ ಮಗಳು.

ದಾರಿಯಲ್ಲಿ ಅಮ್ಮ ಮೆಲ್ಲಗೆ ತೆಗೆದಳು. "ಅವತ್ತು ನಿಜವಾಗ್ಲೂ ಯಾವ ಕಥೆ ಹೇಳ್ತಿದ್ದೆ?"

"ನೆನಪಿಲ್ಲ ಬಿಡಮ್ಮ."

"ನನ್ನ ಹತ್ರ ಏನಾದ್ರೂ ಹೇಳ್ಬೇಕು ಅನ್ಸಿದ್ರೆ..."

"ಏನಿದೆ ಹೇಳೋಕೆ?" ಗುಬ್ಬಿ ಮುಂದೆ ಮುಂದೆ ನಡೆದಳು.

ಕಲೆ ನೋಡಿದೆ ಕಣೇ, ಒರೆಸಿಬಿಟ್ಟೆ ಕಣೇ ಅನ್ನುವ ಮಾತು ಅಮ್ಮನ ನಾಲಿಗೆಯ ತುದಿಗೆ ಬಂದು ಒಣಗಿಹೋಯಿತು. ಅಡುಗೆಮನೆಯಲ್ಲಿ, ಬೀದಿಯಲ್ಲಿ, ಬಚ್ಚಲಿನ ಬಾಗಿಲಲ್ಲಿ, ಎಷ್ಟೋ ಸಲ ಹಾಗೇ ಆಯಿತು. ಹೆತ್ತ ಮಗಳ ಹತ್ತಿರ ಒಂದು ಮಾತು ಕೇಳಲು ಇಷ್ಟು ಹೆದರಿಕೆಯಾಗುತ್ತದೆ ಅಂತ ಅವಳಿಗೆ ಗೊತ್ತಿರಲಿಲ್ಲ. ಆ ಸೀಟಿಗೆ ಮಗಳನ್ನು ಕೂರಿಸಿದವಳು ತಾನೇ ಅಲ್ಲವೇ, ಕೇಳುವ ಬಾಯಾದರೂ ಎಲ್ಲಿದೆ?

ಗೋದಾಮಿನಿಂದ ಗುಬ್ಬಿಗೆ ಕರೆ ಬಂತು. ಸೋಮವಾರ ಬರದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತಾರಂತೆ. ಅವತ್ತು ಗುಬ್ಬಿ ಪಟ್ಟಿ ಬಿಚ್ಚಿಸಲು ಮೂಳೆ ವೈದ್ಯರ ಹತ್ತಿರ ಹೋಗಿದ್ದಳು. ಅಮ್ಮ ಕೆಲಸ ಮುಗಿಸಿ, ಡಿಪೋದಿಂದ ನೇರವಾಗಿ ಆಸ್ಪತ್ರೆಗೆ ಬಂದಳು, ಒಬ್ಬಳೇ. ಏನಾದರೂ ಹೇಳಬೇಕು ಅಂತ ಬಂದದ್ದಲ್ಲ. ಹುಡುಗಿ ಒಬ್ಬಳೇ ಇರುತ್ತಾಳಲ್ಲ ಅಂತ ಬಂದದ್ದು.

ಸಾರಥಿ ಅಮ್ಮನ ಕೈ ಹಿಡಿದುಕೊಂಡಳು. "ಆಂಟಿ, ನಿಮ್ಮ ಹತ್ರ ಒಂದು ಮಾತು ಹೇಳ್ಬೇಕಿತ್ತು. ನನ್ನ ಕ್ಷಮಿಸ್ಬಿಡಿ. ಅವಳು ಅಷ್ಟು ಮಾತಾಡ್ತಾ ಇದ್ರೂ ನಾನು ನಿದ್ದೆ ಹೋದೆ. ಎಂಥವಳು ನಾನು? ಪಕ್ಕದಲ್ಲಿ ಒಂದು ಜೀವ ನಂಗೋಸ್ಕರ ನಿದ್ದೆಗೆಟ್ಟು ಕಥೆ ಹೇಳ್ತಿದೆ. ಮಲಗಿದಲ್ಲೇ ಅದನ್ನೇ ಯೋಚಿಸ್ತೀನಿ. ನಿಮ್ಮ ಮಗಳನ್ನ ಕೊಂದುಬಿಡ್ತಿದ್ದೆ."

ಆ ಕೈ ಬೆಚ್ಚಗಿತ್ತು, ಹೊದಿಕೆಯ ಕೆಳಗೆ ಕಾಲು ಎರಡು ದಿಂಬಿನ ಹಾಗೆ ಬಿದ್ದಿದ್ದವು. ಅಮ್ಮನಿಗೆ ನಾಲಿಗೆಯ ಮೇಲೆ ಹಿಡಿತ ತಪ್ಪಿತು.

"ಅವಳೂ ನಿದ್ದೆ ಹೋಗಿದ್ದಳಮ್ಮಾ," ಅಂದಳು. "ಗುಬ್ಬಿ ಮಾತಾಡ್ತಿರ್ಲಿಲ್ಲ. ಗಾಜಿನ ಮೇಲೆ ಅವಳ ತಲೆಯ ಗುರುತಿತ್ತು. ನಾನೇ ಒರೆಸಿದೆ. ತಪ್ಪು ನಿನ್ನೊಬ್ಬಳದ್ದಲ್ಲ."

ಸಾರಥಿ ಕೈ ಬಿಡಲಿಲ್ಲ, ಅಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ತಾನಾಗಿಯೇ ಬೆರಳುಗಳನ್ನು ಒಂದೊಂದಾಗಿ ಸಡಿಲಿಸಿದಳು.

"ಗೊತ್ತಿತ್ತು ಆಂಟಿ."

"ಗೊತ್ತಿತ್ತಾ?"

"ಮೊದಮೊದಲು ಗೊತ್ತಿರ್ಲಿಲ್ಲ. ಆಮೇಲೆ ಕೇಳ್ದಾಗಲೆಲ್ಲ ಬೇರೆ ಬೇರೆ ಕಥೆ ಹೇಳಿದ್ಲು. ಅಷ್ಟೂ ತಿಳಿಯಲ್ವಾ?" ಅವಳು ಚಾವಣಿ ನೋಡುತ್ತಿದ್ದಳು. "ಅದಕ್ಕೇ ದಿನಾ ಕೇಳ್ತಿದ್ದೆ. ಒಂದಿನ ಸಾಕಾಗಿ ಹೇಳ್ತಾಳೆ ಅಂತ. ನನಗೆ ಇಲ್ಲಿ ಇನ್ನೇನು ಕೆಲಸ ಇದೆ ಹೇಳಿ? ಬೆಳಗ್ಗೆ ಎದ್ದು, ಇವತ್ತು ಹೇಳ್ತಾಳಾ ಅಂತ ನೋಡೋದು. ಅವಳ ಬಾಯಿಂದ ಬಂದಿದ್ರೆ..."

ಸಾರಥಿ ಹೊದಿಕೆಯನ್ನು ಕೊರಳವರೆಗೆ ಎಳೆದುಕೊಂಡಳು.

"ನೀವು ಯಾಕೆ ಹೇಳಿದ್ರಿ ಆಂಟಿ?" ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾಗಿತ್ತು. "ನಿಮಗೆ ಹಗುರ ಆಯ್ತು ಅಲ್ವಾ? ಆಗ್ಲಿ. ಪರದೆ ಎಳೆದು ಹೋಗಿ."

ಅಮ್ಮ ಪರದೆ ಎಳೆದು ಬಂದಳು. ಪರದೆಯ ಉಂಗುರಗಳು ಕಂಬಿಯ ಮೇಲೆ ಕಿರ್ರೆಂದು ಹೋದವು.

ಮನೆಯಲ್ಲಿ ಗುಬ್ಬಿ ಪಟ್ಟಿ ಬಿಚ್ಚಿದ ಕೈಯನ್ನು ಮೇಜಿನ ಮೇಲಿಟ್ಟು, ಮಡಚಿ ಬಿಡಿಸಿ ಮಾಡುತ್ತಿದ್ದಳು. ಆಸ್ಪತ್ರೆಗೆ ಹೊರಡಲು ತಲೆ ಬಾಚಿಕೊಂಡಿದ್ದಳು. ಅಮ್ಮ ಚೀಲವನ್ನೂ ಇಳಿಸದೆ, ನಿಂತಲ್ಲೇ ಎಲ್ಲವನ್ನೂ ಹೇಳಿದಳು: ಗಾಜು, ಬಟ್ಟೆ, ಇವತ್ತಿನ ಮಾತು.

ಗುಬ್ಬಿ ಕೇಳಿಸಿಕೊಂಡಳು. ಮುಖ ಬದಲಾಗಲಿಲ್ಲ. ಬೆರಳುಗಳು ಮಾತ್ರ ಮಡಚಿದಲ್ಲೇ ನಿಂತವು.

"ಏನಂದ್ಲು?"

"ನಿನ್ನ ಬಾಯಿಂದ ಬರ್ಲಿ ಅಂತ ಕಾಯ್ತಿದ್ಲಂತೆ."

ಗುಬ್ಬಿ ಎದ್ದು ಚಪ್ಪಲಿ ಮೆಟ್ಟಿದಳು. ತಾನೂ ಬರುತ್ತೇನೆ ಅಂತ ಅಮ್ಮ ಹೊರಟದ್ದಕ್ಕೆ "ಬೇಡ" ಅಂದಳು. ಅಷ್ಟೇ. ಕಿಟಕಿಯಲ್ಲಿ ನಿಂತ ಅಮ್ಮನಿಗೆ ಅವಳು ಬೀದಿಯ ತುದಿಯವರೆಗೂ ಕಾಣುತ್ತಿದ್ದಳು. ನಿಲ್ದಾಣದಲ್ಲಿ ಬಸ್ಸು ಬಂತು. ಅದನ್ನು ದಾಟಿ ನಡೆದೇ ಹೋದಳು.

ವಾಪಸು ಬಂದಾಗ ಅಮ್ಮ ತಟ್ಟೆ ಹಾಕಿಟ್ಟಿದ್ದಳು. ಗುಬ್ಬಿ ಕೂತು, ಕಲಸಿ, ನಿಜಕ್ಕೂ ಎರಡು ತುತ್ತು ತಿಂದಳು. ಕೇಳುವ ಧೈರ್ಯ ಅಮ್ಮನಿಗಾಗಲಿಲ್ಲ. ಗುಬ್ಬಿಯೇ ಹೇಳಿದಳು, ಗೋಡೆಗೆ ಹೇಳುವ ಹಾಗೆ.

"ಪರದೆ ತೆಗೀಲಿಲ್ಲ. ಹೊರಗಿಂದಾನೇ ಹೇಳ್ದೆ, ಎಲ್ಲಾ ಹೇಳ್ದೆ. 'ನಿಮ್ಮಮ್ಮ ಹೇಳಿ ಆಯ್ತು, ನೀನು ಹೋಗು' ಅಂದ್ಲು. ಮತ್ತೆ ಬರೋದು ಬೇಡ ಅಂದ್ಲು."

"ಇವತ್ತು ಹಾಗಂತಾಳೆ. ನಾಲ್ಕು ದಿನ ಹೋಗ್ಲಿ..."

"ಸೋಮವಾರದಿಂದ ಕೆಲಸಕ್ಕೆ ಹೋಗ್ತೀನಿ."

"ಹೇಗೆ ಹೋಗ್ತೀಯೇ?"

"ಪ್ಯಾಕಿಂಗಿನವಳೊಬ್ಬಳ ಹತ್ರ ಕಾರಿದೆ. ಹಿಂದಿನ ಸೀಟು ಕೇಳಿದೀನಿ. ಪೂರ್ತಿ ಪಾಲು ಕೊಡ್ತೀನಿ."

ಬಸ್ಸಿಗೆ ಹೋಗೇ, ತಡವಾದರೂ ಆಗಲಿ, ಕಟ್ಟೆ ಮೇಲೆ ತೂಕಡಿಸಿದರೂ ಆಗಲಿ ಅನ್ನಬೇಕು ಅಂತ ಅಮ್ಮ ಬಾಯಿ ತೆರೆದಳು. ತನ್ನ ಬುದ್ಧಿಮಾತಿಗೆ ಈ ಮನೆಯಲ್ಲಿ ಇನ್ನು ಎಷ್ಟು ಬೆಲೆ ಅಂತ ಅವಳಿಗೇ ತಿಳಿಯಲಿಲ್ಲ. ಬಾಯಿ ಮುಚ್ಚಿಕೊಂಡು ಕೈ ಚಾಚಿ, ಮಗಳ ಹೆಗಲ ಮೇಲೆ, ಮೂಳೆ ಕೂಡಿಕೊಂಡ ಜಾಗದಲ್ಲಿ ಇಟ್ಟಳು. ಗುಬ್ಬಿ ಕೊಡವಲಿಲ್ಲ. ತಟ್ಟೆ ಎತ್ತಿಕೊಂಡು ಎದ್ದಳು, ಕೈ ತಾನಾಗಿ ಜಾರಿತು.

ನಲ್ಲಿಯ ಹತ್ತಿರ ಬೆನ್ನು ತಿರುಗಿಸಿ ನಿಂತು ಅಂದಳು, "ಇವತ್ತು ಹೇಳ್ತಿದ್ದೆ ಅಮ್ಮ. ಇವತ್ತೇ ಹೇಳ್ತಿದ್ದೆ. ಅದಕ್ಕೇ ತಲೆ ಬಾಚ್ಕೊಂಡಿದ್ದೆ."

ನೀರು ಸುರಿಯುತ್ತಿತ್ತು. ಅದು ನಿಜವೋ, ಮಂಚದ ಪಕ್ಕ ಕೂತು ದಿನಕ್ಕೊಂದು ಹೇಳುತ್ತಿದ್ದಳಲ್ಲ ಅಂಥದ್ದೇ ಇನ್ನೊಂದೋ ಅಂತ ತಿಳಿಯಲು ಅಮ್ಮ ಮಗಳ ಮುಖ ನೋಡಬೇಕೆಂದುಕೊಂಡಳು. ಗುಬ್ಬಿ ಒಂದೇ ತಟ್ಟೆಯನ್ನು ಬಹಳ ಹೊತ್ತು ತೊಳೆದಳು, ಇತ್ತ ತಿರುಗಲಿಲ್ಲ.